ಬಿದ್ದ ಸೈಟ್ ಬದಲಾಯಿಸಿದ್ದಾಯಿತು, ಡಿಆರ್ ಇನ್ನೂ ಮರಳಿಲ್ಲ: ಪೋಸ್ಟ್‌ಗ್ರೆಸ್ ಕ್ಲಸ್ಟರಿಗೆ ದೋಷ ನಿವಾರಣೆ ಕೈಪಿಡಿ

ಮುಖ್ಯ ಸೈಟ್ ಬಿತ್ತು. ಡಿಆರ್ (ವಿಪತ್ತಿಗೆಂದು ಕಾದಿರಿಸಿದ) ಸೈಟಿನಲ್ಲಿದ್ದ ಸ್ಟ್ಯಾಂಡ್‌ಬೈಯನ್ನು, ಎಂದರೆ ಮುಖ್ಯ ಡೇಟಾಬೇಸಿನ ಸಿದ್ಧ ಪ್ರತಿಯನ್ನು, ಪ್ರಮೋಟ್ ಮಾಡಿ (ಅದನ್ನೇ ಮುಖ್ಯವಾಗಿಸಿ) ಕೆಲಸ ಸಾಗಿಸಿದ್ದೀರಿ. ಬಿದ್ದ ಕಡೆ ಹೊಸ ಸರ್ವರ್, ಹೊಸ ಸ್ಟೋರೇಜ್ ಬಂದು ಕೂತಿವೆ. ಇನ್ನೇನು, ರೆಪ್ಲಿಕೇಶನ್ (ಒಂದು ಕಡೆಯ ಬದಲಾವಣೆಗಳನ್ನು ಇನ್ನೊಂದು ಕಡೆಗೆ ಸತತವಾಗಿ ನಕಲಿಸುವುದು) ಹಚ್ಚಿದರೆ ಮುಗಿಯಿತು ಎನ್ನುವಾಗ ಒಂದೊಂದೇ ತೊಡಕು ಎದ್ದು ಬರುತ್ತದೆ. ಈ ಕೈಪಿಡಿ ಆ ಹಂತಕ್ಕೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನ 13 ಅಥವಾ ಅದಕ್ಕಿಂತ ಹೊಸ ಆವೃತ್ತಿ, ಅದರ ಮೇಲೆ ಪೆಟ್ರೋನಿ (ಯಾವ ಸರ್ವರ್ ಮುಖ್ಯ ಎಂದು ನಿರ್ವಹಿಸುವ ತಂತ್ರಾಂಶ) ಮತ್ತು ಇಟಿಸಿಡಿ (ಆ ನಿರ್ಧಾರವನ್ನು ದಾಖಲಿಸಿಡುವ ಸಂಗ್ರಹ) ಇರುವ ಲಿನಕ್ಸ್ ಕ್ಲಸ್ಟರನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಓದಲು ಸುಲಭವಾಗಲಿ ಎಂದು ಬಿದ್ದು ಹೊಸದಾದ ಸೈಟ್ ಮುಂಬೈ, ಈಗ ಕೆಲಸ ಹೊತ್ತಿರುವ ಚಾಲ್ತಿ ಸೈಟ್ ಬೆಂಗಳೂರು ಎಂದಿಟ್ಟುಕೊಳ್ಳೋಣ.

ಒಂದು ಮಾತನ್ನು ಕೊನೆಯವರೆಗೂ ಬಿಡಬೇಡಿ: ಈ ಹೊತ್ತಿಗೆ ಬೆಂಗಳೂರಿನ ಡೇಟಾ ನಿಮ್ಮ ಬಳಿ ಇರುವ ಏಕೈಕ ಜೀವಂತ ಪ್ರತಿ. ಮುಂಬೈಯಲ್ಲಿ ಏನು ಕೆಟ್ಟರೂ ಅಳಿಸಿ ಮತ್ತೆ ಕಟ್ಟಬಹುದು. ಬೆಂಗಳೂರಿನಲ್ಲಿ ಕೆಟ್ಟರೆ ಹೋಗುವ ಜಾಗವಿಲ್ಲ. ಹಾಗಾಗಿ ಯಾವ ಆದೇಶ ಕೊಡುವ ಮೊದಲೂ, ಇದು ಚಾಲ್ತಿ ಪ್ರೈಮರಿಯನ್ನು (ಬರಹಗಳನ್ನು ಸ್ವೀಕರಿಸುವ ಮುಖ್ಯ ಡೇಟಾಬೇಸನ್ನು) ಮುಟ್ಟುತ್ತದೆಯೇ ಎಂದು ನೋಡಿ. ಮುಟ್ಟುವುದಾದರೆ ಇಬ್ಬರು ಓದಿ ಒಪ್ಪಿದ ಮೇಲೆ ಎಂಟರ್ ಒತ್ತಿ.

ಶುರು ಮಾಡುವ ಮುನ್ನ

ಬೆಂಗಳೂರಿನಿಂದ ಪೂರ್ತಿ ಬ್ಯಾಕಪ್ ತೆಗೆದು ಅದೇ ಕಟ್ಟಡದಲ್ಲಿ ಇರದ ಜಾಗದಲ್ಲಿಡಿ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್‌ಕ್ಲೌಡ್ ಡೇಟಾ ಸೆಂಟರಿಗೆ ಬೆಂಕಿ ಬಿದ್ದಾಗ, ಸರ್ವರ್ ಮತ್ತು ಬ್ಯಾಕಪ್ ಎರಡನ್ನೂ ಒಂದೇ ಆವರಣದಲ್ಲಿಟ್ಟಿದ್ದ ಗ್ರಾಹಕರಿಗೆ ಎರಡೂ ಹೋದವು. ರೆಪ್ಲಿಕೇಶನ್ ಬ್ಯಾಕಪ್ ಅಲ್ಲ. ತಪ್ಪಾಗಿ ಕೊಟ್ಟ ಡಿಲೀಟ್ ಕೂಡ ಕ್ಷಣಾರ್ಧದಲ್ಲಿ ಆಚೆ ಸೈಟಿಗೆ ಹರಿದುಹೋಗುತ್ತದೆ.

ಎರಡನೆಯದು, ಹಳೆಯ ಮುಂಬೈ ಯಂತ್ರಗಳಲ್ಲಿ ಯಾವುದಾದರೂ ಬದುಕಿದ್ದರೆ ಅದನ್ನು ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟೇ ಆನ್ ಮಾಡಿ. ಅದರ ಪಾಲಿಗೆ ಅದು ಇನ್ನೂ ಪ್ರೈಮರಿ. ಹಳೆಯ ಐಪಿ ಹೊತ್ತು ಎದ್ದರೆ ಹಳೆಯ ಅಪ್ಲಿಕೇಶನ್‌ಗಳು ಅಲ್ಲಿಗೇ ಬರೆಯತೊಡಗುತ್ತವೆ. ಬೆಂಕಿ, ಹೊಗೆ ಅಥವಾ ನೀರು ತಗುಲಿದ ರ‍್ಯಾಕ್‌ಗೆ ಕರೆಂಟ್ ಕೊಡುವ ನಿರ್ಧಾರ ನಿಮ್ಮದಲ್ಲ. ಎಲೆಕ್ಟ್ರಿಕಲ್ ತಪಾಸಣೆ ಮುಗಿದು ಬರಹದಲ್ಲಿ ಒಪ್ಪಿಗೆ ಬರುವ ತನಕ ಯುಪಿಎಸ್ ಬ್ಯಾಟರಿಗಳ ಹತ್ತಿರ ಹೋಗಬೇಡಿ. ಮುಖ್ಯ ಸ್ವಿಚ್ ಆರಿಸಿದ್ದರೂ ಅವುಗಳಲ್ಲಿ ಅಪಾಯಕಾರಿ ವೋಲ್ಟೇಜ್ ಉಳಿದಿರುತ್ತದೆ.

ಲಕ್ಷಣ: ಚಾಲ್ತಿ ಪ್ರೈಮರಿಯ ಡಿಸ್ಕ್ ತುಂಬುತ್ತಾ ಬರುತ್ತಿದೆ

ಇದು ಹೊಸ ಸೈಟಿನ ದೋಷದಂತೆ ಕಾಣುವುದಿಲ್ಲ, ಆದರೂ ಮೊದಲು ನೋಡಬೇಕಾದ್ದು ಇದನ್ನೇ. ಇದೊಂದೇ ಲಕ್ಷಣ ನಿಮ್ಮ ಏಕೈಕ ಪ್ರತಿಯನ್ನು ನೇರವಾಗಿ ಕೆಡವಬಲ್ಲದು. ವಾಲ್ (ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಾಖಲೆ) ಇಡುವ ಪಿಜಿ_ವಾಲ್ ಫೋಲ್ಡರ್ ಇರುವ ಡಿಸ್ಕ್ ಪೂರ್ತಿ ತುಂಬಿದರೆ ಪೋಸ್ಟ್‌ಗ್ರೆಸ್ ಪ್ಯಾನಿಕ್ ಎಂದು ದಾಖಲಿಸಿ ನಿಂತುಬಿಡುತ್ತದೆ.

ವಾಲ್ ಕಡತಗಳು ಒಂದೊಂದೂ ಸಾಮಾನ್ಯವಾಗಿ 16 ಎಂಬಿ. ಅವು ಗುಡ್ಡೆ ಬೀಳುವುದಕ್ಕೆ ಸೈಟ್ ಬದಲಾವಣೆಯ ನಂತರ ಎರಡು ಕಾರಣಗಳು ಎದ್ದು ಕಾಣುತ್ತವೆ.

ಮೊದಲನೆಯದು ವಾರಸುದಾರರಿಲ್ಲದ ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಓದಿದೆ ಎಂದು ನೆನಪಿಟ್ಟು, ಅದಕ್ಕೆ ಬೇಕಾದ ವಾಲ್ ಉಳಿಸುವ ಗುರುತು). ಪಿಜಿ_ರೆಪ್ಲಿಕೇಶನ್_ಸ್ಲಾಟ್ಸ್ ನೋಟದಲ್ಲಿ ಆಕ್ಟಿವ್ ಕಾಲಂ ಫಾಲ್ಸ್ ಇರುವ ಸಾಲು ಹುಡುಕಿ. ಹೊಸ ಸ್ಟ್ಯಾಂಡ್‌ಬೈ ಕಟ್ಟುವ ಮೊದಲ ಪ್ರಯತ್ನದಲ್ಲಿ ಯಾರೋ ಸ್ಲಾಟ್ ಮಾಡಿಟ್ಟು, ಎರಡನೆಯ ಪ್ರಯತ್ನಕ್ಕೆ ಬೇರೆ ಹೆಸರು ಕೊಟ್ಟಿರುತ್ತಾರೆ. ಮೊದಲನೆಯದು ಯಾರೂ ಓದದ ವಾಲ್ ಅನ್ನು ಹಿಡಿದುಕೊಂಡೇ ಕೂತಿರುತ್ತದೆ. ಈ ಹಿಡಿತಕ್ಕೆ ಮಿತಿ ಹಾಕುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಆಯ್ಕೆಯ ಮೂಲ ಬೆಲೆ (ನಾವು ಬದಲಿಸದಿದ್ದರೆ ಇರುವ ಮೌಲ್ಯ) ಮೈನಸ್ 1, ಎಂದರೆ ಮಿತಿಯೇ ಇಲ್ಲ. ಆ ಸ್ಲಾಟ್ ಯಾರದ್ದೂ ಅಲ್ಲ ಎಂದು ಖಚಿತವಾದರೆ ಪಿಜಿ_ಡ್ರಾಪ್_ರೆಪ್ಲಿಕೇಶನ್_ಸ್ಲಾಟ್ ಕರೆದು ತೆಗೆಯಿರಿ. ಮುಂದಿನ ಚೆಕ್‌ಪಾಯಿಂಟ್ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕಿಗೆ ಬರೆದು ಮುಗಿಸುವ ಹಂತ) ಆದ ಮೇಲೆ ಜಾಗ ಬಿಡುಗಡೆಯಾಗುತ್ತದೆ. ಜೊತೆಗೆ ಮಿತಿಯನ್ನೂ ಹಾಕಿ. ಪಿಜಿ_ವಾಲ್ ಡಿಸ್ಕಿನ ಅರ್ಧ ಅಥವಾ ಮೂರರಲ್ಲೆರಡು ಪಾಲು ಸಾಕು. ಮಿತಿ ಮೀರಿದಾಗ ಸ್ಟ್ಯಾಂಡ್‌ಬೈ ಹಾಳಾಗುತ್ತದೆ, ಪ್ರೈಮರಿ ಉಳಿಯುತ್ತದೆ. ಈ ಹೊತ್ತಿನಲ್ಲಿ ಸರಿಯಾದ ಆಯ್ಕೆ ಅದೇ.

ಎರಡನೆಯದು ಆರ್ಕೈವ್ ದಾರಿ, ಎಂದರೆ ಮುಗಿದ ವಾಲ್ ಕಡತಗಳ ಪ್ರತಿಯನ್ನು ಬೇರೆಡೆ ಇಡುವ ವ್ಯವಸ್ಥೆ. ಬೆಂಗಳೂರಿನ ಆರ್ಕೈವ್_ಕಮಾಂಡ್ ಇನ್ನೂ ಬಿದ್ದುಹೋದ ಮುಂಬೈ ಸ್ಟೋರೇಜ್ ಕಡೆಗೇ ಕಳಿಸಲು ನೋಡುತ್ತಿರಬಹುದು. ಪಿಜಿ_ಸ್ಟ್ಯಾಟ್_ಆರ್ಕೈವರ್‌ನಲ್ಲಿ ಫೇಲ್ಡ್_ಕೌಂಟ್ ಏರುತ್ತಿದ್ದರೆ, ಲಾಸ್ಟ್_ಫೇಲ್ಡ್_ಟೈಮ್ ಈಗಷ್ಟೇ ಆಗಿದ್ದರೆ ಇದೇ ಕಾರಣ. ಗುರಿಯನ್ನು ಬದುಕಿರುವ ಸ್ಟೋರೇಜ್‌ಗೆ ಬದಲಿಸಿ ರೀಲೋಡ್ ಮಾಡಿದರೆ ಸಾಕು, ರೀಸ್ಟಾರ್ಟ್ ಬೇಡ.

ಗಾಬರಿಯಲ್ಲಿ ಎರಡು ಕೆಲಸ ಮಾಡಲು ಕೈ ಹೋಗುತ್ತದೆ. ಪಿಜಿ_ವಾಲ್ ಒಳಗಿನ ಕಡತಗಳನ್ನು ಕೈಯಾರೆ ಅಳಿಸುವುದು ಒಂದು. ಅದರಿಂದ ಕ್ರ್ಯಾಶ್ ಆದ ಡೇಟಾಬೇಸ್ ಮತ್ತೆ ಏಳದೇ ಹೋಗಬಹುದು. ಆರ್ಕೈವ್_ಕಮಾಂಡ್ ಜಾಗದಲ್ಲಿ ಸುಮ್ಮನೆ ಟ್ರೂ ಎಂದು ಬರೆಯುವುದು ಇನ್ನೊಂದು. ಜಾಗವೇನೋ ತೆರವಾಗುತ್ತದೆ, ಆದರೆ ಆರ್ಕೈವ್ ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಎರಡನ್ನೂ ಮಾಡಬೇಡಿ. ಜಾಗ ತೀರಾ ಕಡಿಮೆಯಿದ್ದರೆ ವಾಲ್ಯೂಮ್ ದೊಡ್ಡದು ಮಾಡಿಸಿ.

ಲಕ್ಷಣ: ಹೊಸ ಸೈಟ್ ಪ್ರೈಮರಿಯನ್ನು ತಲುಪುತ್ತಲೇ ಇಲ್ಲ

ಹೊಸ ಸೈಟಿನಿಂದ ಪಿಜಿ_ಈಸ್‌ರೆಡಿ ಓಡಿಸಿ, ಪೋರ್ಟ್ 5432 ಉತ್ತರಿಸುತ್ತದೆಯೇ ನೋಡಿ. ಉತ್ತರವೇ ಬಾರದೆ ಕಾಯುತ್ತಿದ್ದರೆ ಫೈರ್‌ವಾಲ್ ಅಥವಾ ರೌಟಿಂಗ್. ಹೊಸ ಸರ್ವರ್‌ಗಳ ಐಪಿ ಬದಲಾಗಿದ್ದು, ನಿಯಮಗಳಲ್ಲಿ ಹಳೆಯ ಐಪಿಯೇ ಕೂತಿರುವುದು ಸಾಮಾನ್ಯ. ಕೂಡಲೇ ನಿರಾಕರಣೆ ಬಂದರೆ ಆ ವಿಳಾಸದಲ್ಲಿ ಪೋಸ್ಟ್‌ಗ್ರೆಸ್ ಕೇಳಿಸಿಕೊಳ್ಳುತ್ತಿಲ್ಲ. ಲಿಸನ್_ಅಡ್ರೆಸಸ್ ಬದಲಿಸಲು ಪ್ರೈಮರಿಯನ್ನೇ ರೀಸ್ಟಾರ್ಟ್ ಮಾಡಬೇಕಾಗುತ್ತದೆ, ಅದಕ್ಕೆ ಸಮಯ ಗೊತ್ತುಮಾಡಿಕೊಳ್ಳಿ.

ಪೋರ್ಟ್ ಸಿಕ್ಕರೂ ಪಿಜಿ_ಎಚ್‌ಬಿಎ ಕಡತದಲ್ಲಿ (ಯಾರು ಎಲ್ಲಿಂದ ಸೇರಬಹುದು ಎಂಬ ಪಟ್ಟಿ) ನಮೂದಿಲ್ಲ ಎಂಬ ದೋಷ ಬಂದರೆ, ಅಲ್ಲಿ ಡೇಟಾಬೇಸ್ ಕಾಲಂನಲ್ಲಿ ಏನು ಬರೆದಿದೆ ನೋಡಿ. ಆಲ್ ಎಂದು ಬರೆದರೆ ಸ್ಟ್ರೀಮಿಂಗ್ ರೆಪ್ಲಿಕೇಶನ್ (ವಾಲ್ ಅನ್ನು ನೇರ ಸಂಪರ್ಕದಲ್ಲಿ ಹರಿಸುವುದು) ಅದರಲ್ಲಿ ಸೇರುವುದಿಲ್ಲ. ರೆಪ್ಲಿಕೇಶನ್ ಎಂದೇ ಬೇರೆ ಸಾಲು ಬೇಕು. ರೀಲೋಡ್ ಸಾಕು. ಪಾಸ್‌ವರ್ಡ್ ಸರಿಯಿದ್ದೂ ಒಪ್ಪದಿದ್ದರೆ ಪಾಸ್‌ವರ್ಡ್ ಇಡುವ ಪಿಜಿಪಾಸ್ ಕಡತದ ಅನುಮತಿ 0600 ಇದೆಯೇ ನೋಡಿ. ಅದಕ್ಕಿಂತ ಸಡಿಲವಿದ್ದರೆ ಪೋಸ್ಟ್‌ಗ್ರೆಸ್ ಆ ಕಡತವನ್ನು ಓದುವುದೇ ಇಲ್ಲ. ಟಿಎಲ್‌ಎಸ್ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ ಎಂದು ದೂರಿದರೆ ಪ್ರಮಾಣಪತ್ರವನ್ನು ಬೈಯುವ ಮೊದಲು ಹೊಸ ಯಂತ್ರದ ಗಡಿಯಾರ ನೋಡಿ. ಗಡಿಯಾರ ಸರಿಯಿಡುವ ಕ್ರೋನಿ ಚಾಲೂ ಮಾಡುವುದನ್ನು ಮರೆತಿರುತ್ತಾರೆ.

ಲಕ್ಷಣ: ಬೇಸ್‌ಬ್ಯಾಕಪ್ ಶುರುವಾಗಿ ಅಲ್ಲಾಡುತ್ತಿಲ್ಲ, ಅಥವಾ ನಡುವೆ ಕಡಿದುಹೋಗುತ್ತದೆ

ಬೇಸ್‌ಬ್ಯಾಕಪ್ ಎಂದರೆ ಪ್ರೈಮರಿಯಿಂದ ತೆಗೆಯುವ ಪೂರ್ತಿ ಪ್ರತಿ. ಶುರುವಿನಲ್ಲೇ ನಿಂತಂತೆ ಕಂಡರೆ ಅದು ದೋಷವಲ್ಲದೇ ಇರಬಹುದು. ಪಿಜಿ_ಬೇಸ್‌ಬ್ಯಾಕಪ್ ಮೊದಲು ಒಂದು ಚೆಕ್‌ಪಾಯಿಂಟ್‌ಗೆ ಕಾಯುತ್ತದೆ, ಅದೂ ನಿಧಾನದ ಬಗೆಯದ್ದಕ್ಕೆ. ಚೆಕ್‌ಪಾಯಿಂಟ್_ಟೈಮ್‌ಔಟ್ 30 ನಿಮಿಷ, ಚೆಕ್‌ಪಾಯಿಂಟ್_ಕಂಪ್ಲೀಷನ್_ಟಾರ್ಗೆಟ್ 0.9 ಇದ್ದರೆ 27 ನಿಮಿಷ ಏನೂ ಚಲಿಸದಿರಬಹುದು. ಪಿಜಿ_ಸ್ಟ್ಯಾಟ್_ಪ್ರೋಗ್ರೆಸ್_ಬೇಸ್‌ಬ್ಯಾಕಪ್ ನೋಟದಲ್ಲಿ ಯಾವ ಹಂತ ಎಂದು ತೋರುತ್ತದೆ. ಚೆಕ್‌ಪಾಯಿಂಟ್ ಫಾಸ್ಟ್ ಎಂದು ಕೊಟ್ಟರೆ ಕಾಯುವುದು ತಪ್ಪುತ್ತದೆ, ಆದರೆ ಪ್ರೈಮರಿಯ ಡಿಸ್ಕ್ ಮೇಲೆ ಒಮ್ಮೆಲೇ ಹೊರೆ ಬೀಳುತ್ತದೆ. ದಟ್ಟಣೆಯ ಹೊತ್ತಿನಲ್ಲಿ ಕೊಡಬೇಡಿ.

ಲಾಗಿನ್ ಆಗುತ್ತದೆ, ಚಿಕ್ಕ ಕ್ವೆರಿ ಓಡುತ್ತದೆ, ದೊಡ್ಡ ಡೇಟಾ ಹರಿಯತೊಡಗಿದ ಕೂಡಲೇ ಸಂಪರ್ಕ ಹೆಪ್ಪುಗಟ್ಟುತ್ತದೆ ಎಂದಾದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮೇಲೆ ಅನುಮಾನಪಡಿ. ಸೈಟ್‌ಗಳ ನಡುವಿನ ವಿಪಿಎನ್ ಸುರಂಗ ಪ್ರತಿ ಪ್ಯಾಕೆಟ್‌ನಲ್ಲಿ ತನ್ನ ಪಾಲು ಜಾಗ ತಿನ್ನುತ್ತದೆ. ತುಂಡು ಮಾಡಬಾರದು ಎಂಬ ಸೂಚನೆಯೊಂದಿಗೆ 1472 ಬೈಟ್‌ಗಳ ಪಿಂಗ್ ಕಳಿಸಿ. ಹೆಡರ್‌ಗಳ 28 ಸೇರಿ ಅದು 1500. ಅದು ಹೋಗದೆ 1372 ಹೋದರೆ ಉತ್ತರ ಸಿಕ್ಕಿತು. ಸುರಂಗದ ತುದಿಯ ರೌಟರಿನಲ್ಲಿ ಪ್ಯಾಕೆಟ್ ಗಾತ್ರಕ್ಕೆ ಮಿತಿ ಹಾಕುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಹಾಕಿಸಿ. ಬಿದ್ದ ಸೈಟಿನ ಹಳೆಯ ರೌಟರಿನಲ್ಲಿ ಈ ಸಾಲು ಇದ್ದಿರಬಹುದು, ಹೊಸದಕ್ಕೆ ಯಾರೂ ನಕಲು ಮಾಡಿಕೊಂಡಿರುವುದಿಲ್ಲ.

ಗಂಟೆಗಟ್ಟಲೆ ಓಡಿ ಕಡಿದುಹೋಗುವುದಾದರೆ ಲೆಕ್ಕ ಹಾಕಿ ನೋಡಿ. 2 ಟಿಬಿ ಡೇಟಾ, 200 ಎಂಬಿಪಿಎಸ್ ಕೊಂಡಿ ಪೂರ್ತಿ ನಿಮಗೇ ಸಿಕ್ಕರೂ 80,000 ಸೆಕೆಂಡು, ಎಂದರೆ 22 ಗಂಟೆ ಮೀರುತ್ತದೆ. ಪಿಜಿ_ಬೇಸ್‌ಬ್ಯಾಕಪ್‌ಗೆ ನಿಂತಲ್ಲಿಂದ ಮುಂದುವರಿಯಲು ಬರುವುದಿಲ್ಲ. 21ನೇ ಗಂಟೆಯಲ್ಲಿ ಕಡಿದರೂ ಸೊನ್ನೆಯಿಂದಲೇ ಶುರು. ಇಷ್ಟು ದೊಡ್ಡದಕ್ಕೆ ಬ್ಯಾಕಪ್ ತಂತ್ರಾಂಶವಾದ ಪಿಜಿಬ್ಯಾಕ್‌ರೆಸ್ಟ್ ರೆಪೊಸಿಟರಿಯಿಂದ ಡೆಲ್ಟಾ ರೀತಿಯಲ್ಲಿ ರಿಸ್ಟೋರ್ ಮಾಡುವುದೇ ಒಳ್ಳೆಯದು. ನಿಂತರೆ ಆಗಲೇ ಬಂದಿರುವ ಕಡತಗಳನ್ನು ಚೆಕ್‌ಸಮ್ ನೋಡಿ ಉಳಿಸಿಕೊಳ್ಳುತ್ತದೆ, ಪ್ರೈಮರಿಗೂ ಹೊರೆಯಾಗುವುದಿಲ್ಲ. ಬ್ಯಾಕಪ್ ಅನ್ನು ಗೂಢಲಿಪೀಕರಿಸಿದ ಡಿಸ್ಕಿಗೆ ಹಾಕಿ ಆಳಿನ ಕೈಯಲ್ಲಿ ಕಳಿಸುವುದೂ ನಾಚಿಕೆಪಡುವ ದಾರಿಯಲ್ಲ. ಆಗ ಡಿಸ್ಕ್ ದಾರಿಯಲ್ಲಿರುವಷ್ಟೂ ಹೊತ್ತಿನ ವಾಲ್ ಆರ್ಕೈವ್‌ನಲ್ಲಿ ಉಳಿದಿರಬೇಕು. ಗಂಟೆಗೆ 5 ಜಿಬಿ ವಾಲ್ ಹುಟ್ಟುವ ಕಡೆ ಎರಡು ದಿನಕ್ಕೆ 240 ಜಿಬಿ ಎಂದು ಮೊದಲೇ ಜಾಗ ತೆಗೆದಿಡಿ.

ಲಕ್ಷಣ: ಬೇಕಾದ ವಾಲ್ ತುಣುಕನ್ನು ಆಗಲೇ ತೆಗೆದುಹಾಕಲಾಗಿದೆ ಎಂಬ ದೂರು

ಹೊಸ ಸ್ಟ್ಯಾಂಡ್‌ಬೈಯ ಲಾಗಿನಲ್ಲಿ ಈ ಸಾಲು ಪದೇ ಪದೇ ಬರುತ್ತಿದ್ದರೆ, ಅದು ಕೇಳುತ್ತಿರುವ ವಾಲ್ ಪ್ರೈಮರಿಯಲ್ಲಿ ಉಳಿದಿಲ್ಲ. ಬೇಸ್‌ಬ್ಯಾಕಪ್ ಓಡುವಾಗ ಬಳಸಿದ್ದು ತಾತ್ಕಾಲಿಕ ಸ್ಲಾಟ್, ಅದು ಬ್ಯಾಕಪ್ ಮುಗಿದೊಡನೆ ಹೋಗುತ್ತದೆ. ರಾತ್ರಿ ಮುಗಿದ ಬ್ಯಾಕಪ್ ಮೇಲೆ ಬೆಳಿಗ್ಗೆ ಸ್ಟ್ಯಾಂಡ್‌ಬೈ ಎಬ್ಬಿಸಿದರೆ ನಡುವಿನ ವಾಲ್ ಅಷ್ಟರಲ್ಲಿ ಅಳಿದಿರುತ್ತದೆ.

ಮೊದಲು ಆರ್ಕೈವ್‌ನಲ್ಲಿ ಆ ಹೆಸರಿನ ಕಡತ ಇದೆಯೇ ಹುಡುಕಿ. ಇದ್ದರೆ ಹೊಸ ಸೈಟಿನ ರಿಸ್ಟೋರ್_ಕಮಾಂಡ್ ಆ ಆರ್ಕೈವ್ ಕಡೆ ತಿರುಗಿಸಿ, ಸ್ಟ್ಯಾಂಡ್‌ಬೈ ಅಂತರವನ್ನು ತಾನೇ ತುಂಬಿಕೊಂಡು ಬಳಿಕ ಸ್ಟ್ರೀಮಿಂಗ್‌ಗೆ ಮರಳುತ್ತದೆ. ಇಲ್ಲದಿದ್ದರೆ ಮತ್ತೆ ಕಟ್ಟದೆ ಬೇರೆ ದಾರಿಯಿಲ್ಲ. ಆ ಸಲ ಶುರುವಿನಲ್ಲೇ ಪಿಜಿ_ಬೇಸ್‌ಬ್ಯಾಕಪ್‌ನ ದೊಡ್ಡಕ್ಷರದ ಸಿ ಮತ್ತು ಎಸ್ ಆಯ್ಕೆಗಳಿಂದ ಕಾಯಂ ಸ್ಲಾಟ್ ಮಾಡಿಕೊಳ್ಳಿ. ದೊಡ್ಡಕ್ಷರದ ಆರ್ ಕೊಟ್ಟರೆ ಸ್ಟ್ಯಾಂಡ್‌ಬೈ ಸಿಗ್ನಲ್ ಕಡತ ಮತ್ತು ಪ್ರೈಮರಿ_ಕಾನ್‌ಇನ್ಫೋ (ಪ್ರೈಮರಿಯ ವಿಳಾಸ) ತಾವೇ ಬರೆದುಕೊಳ್ಳುತ್ತವೆ.

ಸ್ಲಾಟ್ ಅಸ್ತಿತ್ವದಲ್ಲೇ ಇಲ್ಲ ಎಂಬ ದೋಷ ಇದರ ಸಹೋದರ. ಹಳೆಯ ಪ್ರೈಮರಿಯಲ್ಲಿದ್ದ ಫಿಸಿಕಲ್ ಸ್ಲಾಟ್‌ಗಳು ಸ್ಟ್ಯಾಂಡ್‌ಬೈಗೆ ನಕಲಾಗಿರುವುದಿಲ್ಲ. ಬೆಂಗಳೂರು ಪ್ರಮೋಟ್ ಆದಾಗ ಅವು ಹಿಂದೆಯೇ ಉಳಿದವು. ಹಳೆಯ ಸಂರಚನೆಯನ್ನು ಹಾಗೆಯೇ ತಂದಿಟ್ಟಿದ್ದರೆ ಅದು ಇಲ್ಲದ ಹೆಸರನ್ನು ಕೇಳುತ್ತಿರುತ್ತದೆ.

ಲಕ್ಷಣ: ಹೊಸ ಸ್ಟ್ಯಾಂಡ್‌ಬೈ ಏಳುವುದಿಲ್ಲ, ಅಥವಾ ಎದ್ದು ರಿಕವರಿ ತಡೆದು ಕೂರುತ್ತದೆ

ಸಂರಚನಾ ಬೆಲೆಗಳು ಸಾಲುತ್ತಿಲ್ಲ ಎಂದು ಲಾಗ್ ಹೇಳಿದರೆ ಐದು ಬೆಲೆಗಳನ್ನು ಹೋಲಿಸಿ: ಮ್ಯಾಕ್ಸ್_ಕನೆಕ್ಷನ್ಸ್, ಮ್ಯಾಕ್ಸ್_ವರ್ಕರ್_ಪ್ರೊಸೆಸಸ್, ಮ್ಯಾಕ್ಸ್_ವಾಲ್_ಸೆಂಡರ್ಸ್, ಮ್ಯಾಕ್ಸ್_ಪ್ರಿಪೇರ್ಡ್_ಟ್ರಾನ್ಸಾಕ್ಷನ್ಸ್, ಮ್ಯಾಕ್ಸ್_ಲಾಕ್ಸ್_ಪರ್_ಟ್ರಾನ್ಸಾಕ್ಷನ್. ಸ್ಟ್ಯಾಂಡ್‌ಬೈಯಲ್ಲಿ ಇವು ಪ್ರೈಮರಿಯಷ್ಟೇ ಅಥವಾ ಹೆಚ್ಚು ಇರಬೇಕು. ಪ್ರೈಮರಿಯ ಬೆಲೆಗಳನ್ನು ಪಿಜಿ_ಕಂಟ್ರೋಲ್‌ಡೇಟಾ ತೋರಿಸುತ್ತದೆ. 14ನೇ ಆವೃತ್ತಿಯಿಂದೀಚೆಗೆ ಓಡುತ್ತಿರುವ ಸ್ಟ್ಯಾಂಡ್‌ಬೈ ಇಂಥ ಬದಲಾವಣೆ ಕಂಡರೆ ರಿಕವರಿ (ಬಂದ ವಾಲ್ ಅನ್ನು ಅನ್ವಯಿಸುವುದು) ತಡೆಹಿಡಿಯುತ್ತದೆ. ಅದಕ್ಕೂ ಹಿಂದಿನವು ನಿಂತೇ ಬಿಡುತ್ತವೆ.

ಡೆಬಿಯನ್ ಮತ್ತು ಉಬುಂಟು ಬಳಸುವವರು ಗಮನಿಸಿ: ಅಲ್ಲಿ ಸಂರಚನಾ ಕಡತಗಳು ಡೇಟಾ ಫೋಲ್ಡರಿನೊಳಗೆ ಇರದೆ ಇಟಿಸಿ ಫೋಲ್ಡರಿನಲ್ಲಿರುತ್ತವೆ. ಬೇಸ್‌ಬ್ಯಾಕಪ್ ಅವನ್ನು ಹೊತ್ತು ತರುವುದಿಲ್ಲ. ಹೊಸ ಯಂತ್ರ ಮೂಲ ಬೆಲೆಗಳಾದ 100 ಸಂಪರ್ಕಗಳಲ್ಲೇ ಏಳಲು ನೋಡುತ್ತದೆ. ಮೆಮೊರಿ ಸಾಲದು ಎಂದರೆ ಹೊಸ ಯಂತ್ರದ ರ‍್ಯಾಮ್ ಮತ್ತು ಹ್ಯೂಜ್ ಪೇಜಸ್ ನೋಡಿ. ಟೇಬಲ್‌ಸ್ಪೇಸ್ (ಡೇಟಾ ಇಡುವ ಬೇರೆ ಫೋಲ್ಡರ್) ಬಳಸುತ್ತಿದ್ದರೆ ಅವುಗಳ ಪಥ ಹೊಸ ಕಡೆಯೂ ಅದೇ ಇರಬೇಕು.

ಲಕ್ಷಣ: ಸಿಸ್ಟಮ್ ಐಡಿ ಬೇರೆ, ಟೈಮ್‌ಲೈನ್ ಬೇರೆ ಎಂಬ ದೂರು

ಇಲ್ಲಿ ಅವಸರ ಬೇಡವೇ ಬೇಡ. ದೋಷ ಸಂಪರ್ಕದಲ್ಲಿಲ್ಲ. ಯಾರು ಯಾರ ಪ್ರತಿ ಎಂಬ ಗುರುತಿನಲ್ಲಿದೆ.

ಡೇಟಾಬೇಸ್ ಹುಟ್ಟುವಾಗ ಇನಿಟ್‌ಡಿಬಿ ಅದಕ್ಕೊಂದು ಸಿಸ್ಟಮ್ ಐಡಿ ಕೊಡುತ್ತದೆ, ಅದರ ನಿಜವಾದ ಪ್ರತಿಗಳೆಲ್ಲ ಅದೇ ಐಡಿ ಹೊತ್ತಿರುತ್ತವೆ. ಎರಡೂ ಕಡೆ ಪಿಜಿ_ಕಂಟ್ರೋಲ್‌ಡೇಟಾ ಓಡಿಸಿ ಹೋಲಿಸಿ. ಐಡಿ ಬೇರೆಯಿದ್ದರೆ ಹೊಸ ಸೈಟಿನಲ್ಲಿರುವುದು ಪ್ರತಿಯಲ್ಲ, ಖಾಲಿ ಹೊಸ ಡೇಟಾಬೇಸ್. ಪೆಟ್ರೋನಿ ಇರುವ ಕಡೆ ಇದಕ್ಕೆ ಒಂದೇ ಮಾಮೂಲಿ ಕಾರಣ: ಮುಂಬೈಯ ಹೊಸ ಇಟಿಸಿಡಿ ಖಾಲಿಯಿತ್ತು, ಸಂರಚನೆಯಲ್ಲಿ ಸ್ಟ್ಯಾಂಡ್‌ಬೈ_ಕ್ಲಸ್ಟರ್ ಭಾಗ (ಇದು ಬೇರೆ ಕ್ಲಸ್ಟರಿನ ಪ್ರತಿ ಎಂದು ಹೇಳುವುದು) ಬಿಟ್ಟುಹೋಗಿತ್ತು. ಪೆಟ್ರೋನಿ ತನ್ನದೇ ಕ್ಲಸ್ಟರ್ ಹುಟ್ಟುಹಾಕಿತು. ಪೆಟ್ರೋನಿ ನಿಲ್ಲಿಸಿ, ಮುಂಬೈ ಇಟಿಸಿಡಿಯಲ್ಲಿ ಆ ಕ್ಲಸ್ಟರಿನ ದಾಖಲೆ ತೆಗೆದು, ಡೇಟಾ ಫೋಲ್ಡರ್ ಖಾಲಿ ಮಾಡಿ, ಸ್ಟ್ಯಾಂಡ್‌ಬೈ_ಕ್ಲಸ್ಟರ್ ಭಾಗ ಸೇರಿಸಿ ಮತ್ತೆ ಎಬ್ಬಿಸಿ. ಆದೇಶ ಕೊಡುವ ಮುನ್ನ ಅದು ಯಾವ ಇಟಿಸಿಡಿ ವಿಳಾಸಕ್ಕೆ ಹೋಗುತ್ತಿದೆ ಎಂದು ಪರದೆಯ ಮೇಲೆ ಓದಿ. ಇದೇ ಆದೇಶ ಬೆಂಗಳೂರಿಗೆ ಹೋದರೆ ಚಾಲ್ತಿ ಕ್ಲಸ್ಟರ್ ತನ್ನ ನಾಯಕನನ್ನು ಕಳೆದುಕೊಳ್ಳುತ್ತದೆ.

ಐಡಿ ಒಂದೇ ಇದ್ದು ಟೈಮ್‌ಲೈನ್ (ಡೇಟಾಬೇಸ್ ಇತಿಹಾಸದ ಕವಲಿನ ಸಂಖ್ಯೆ) ಹೊಂದದಿದ್ದರೆ ಎರಡು ಸಾಧ್ಯತೆ ನೋಡಿ. ಪ್ರತಿ ಪ್ರಮೋಷನ್‌ಗೂ ಟೈಮ್‌ಲೈನ್ ಸಂಖ್ಯೆ ಹೆಚ್ಚಾಗುತ್ತದೆ, ವಾಲ್ ಕಡತದ ಹೆಸರಿನ ಮೊದಲ ಎಂಟು ಅಕ್ಷರಗಳು ಅದನ್ನೇ ಹೇಳುತ್ತವೆ. ಒಂದು, ಯಾರೋ ರಿಸ್ಟೋರ್ ಪರೀಕ್ಷೆಗೆಂದು ಒಂದು ಪ್ರತಿಯನ್ನು ಪ್ರಮೋಟ್ ಮಾಡಿ, ಅದು ಅದೇ ಆರ್ಕೈವ್‌ಗೆ ತನ್ನ ಹಿಸ್ಟರಿ ಕಡತವನ್ನು (ಟೈಮ್‌ಲೈನ್ ಎಲ್ಲಿ ಕವಲೊಡೆಯಿತು ಎಂಬ ದಾಖಲೆ) ತಳ್ಳಿರಬಹುದು. ಸ್ಟ್ಯಾಂಡ್‌ಬೈ ಇತ್ತೀಚಿನ ಟೈಮ್‌ಲೈನ್ ಹುಡುಕುತ್ತಾ ಆ ಪರೀಕ್ಷೆಯ ಪ್ರತಿಯ ಹಿಂದೆ ಹೋಗುತ್ತದೆ. ಆರ್ಕೈವ್‌ನಲ್ಲಿರುವ ಹಿಸ್ಟರಿ ಕಡತಗಳನ್ನು ದಿನಾಂಕದೊಂದಿಗೆ ಪಟ್ಟಿ ಮಾಡಿ, ಬೆಂಗಳೂರಿನ ಇತಿಹಾಸಕ್ಕೆ ಸೇರದ್ದನ್ನು ಅಳಿಸದೆ ಬೇರೆಡೆಗೆ ಸರಿಸಿ.

ಎರಡು, ಹಳೆಯ ಮುಂಬೈ ಡಿಸ್ಕುಗಳು ಬದುಕಿ ಬಂದಿವೆ, ಅವನ್ನೇ ಜೋಡಿಸಿ ಸಮಯ ಉಳಿಸಲು ನೋಡುತ್ತಿದ್ದೀರಿ. ಕವಲೊಡೆದ ಹಳೆಯ ಪ್ರತಿಯನ್ನು ಹೊಸ ಪ್ರೈಮರಿಗೆ ಹೊಂದಿಸುವ ಪಿಜಿ_ರಿವೈಂಡ್ ಇದಕ್ಕೆಂದೇ ಇದೆ. ಮೊದಲಿನಿಂದಲೂ ಡೇಟಾ ಚೆಕ್‌ಸಮ್ ಅಥವಾ ವಾಲ್_ಲಾಗ್_ಹಿಂಟ್ಸ್ ಆನ್ ಇದ್ದಿರಬೇಕು, ಇಬ್ಬರೂ ಕವಲೊಡೆದ ಜಾಗದವರೆಗಿನ ವಾಲ್ ಸಿಗಬೇಕು. ಆದರೆ ಓಡಿಸುವ ಮುನ್ನ ಒಂದು ಪ್ರಶ್ನೆ ಇತ್ಯರ್ಥವಾಗಲಿ: ರೆಪ್ಲಿಕೇಶನ್ ಅಸಿಂಕ್ರೋನಸ್ ಇದ್ದರೆ (ಪ್ರೈಮರಿ ಆಚೆ ಸೈಟಿನ ಉತ್ತರಕ್ಕೆ ಕಾಯದಿದ್ದರೆ), ಬೀಳುವ ಕೊನೆಯ ಕ್ಷಣಗಳಲ್ಲಿ ಮುಂಬೈ ಒಪ್ಪಿದ ಕೆಲವು ವ್ಯವಹಾರಗಳು ಬೆಂಗಳೂರಿಗೆ ತಲುಪಿರುವುದಿಲ್ಲ. ಅವು ಉಳಿದಿರುವುದು ಆ ಡಿಸ್ಕಿನಲ್ಲಿ ಮಾತ್ರ. ಪಿಜಿ_ರಿವೈಂಡ್ ಅವನ್ನು ಶಾಶ್ವತವಾಗಿ ಒರೆಸಿಹಾಕುತ್ತದೆ. ಹಣದ ವ್ಯವಹಾರವಿರುವ ಕಡೆ ಇದು ತಾಂತ್ರಿಕ ನಿರ್ಧಾರವಲ್ಲ. ಡಿಸ್ಕಿನ ಪೂರ್ತಿ ಇಮೇಜ್ ತೆಗೆದಿಡಿ, ಲೆಕ್ಕದ ಜವಾಬ್ದಾರಿ ಹೊತ್ತವರನ್ನು ಕರೆಯಿರಿ, ಅವರು ಬರೆದು ಕೊಡುವವರೆಗೆ ನಿಲ್ಲಿ. ಹೊಸ ಸರ್ವರ್ ಆಗಲೇ ಇರುವಾಗ ಹಳೆಯ ಡಿಸ್ಕನ್ನು ಸಾಕ್ಷಿಯಾಗಿ ಎತ್ತಿಟ್ಟು, ಹೊಸದನ್ನು ಬೇಸ್‌ಬ್ಯಾಕಪ್‌ನಿಂದ ಕಟ್ಟುವುದೇ ವಾಸಿ.

ಲಕ್ಷಣ: ಇಟಿಸಿಡಿ ಹೊಸ ಸದಸ್ಯನನ್ನು ಸೇರಿಸಿಕೊಳ್ಳುತ್ತಿಲ್ಲ

ಮೂರು ಸದಸ್ಯರ ಇಟಿಸಿಡಿಯನ್ನು ಸೈಟ್‌ಗಳಾಚೆ ಹರಡಿದ್ದವರಿಗೆ ಇದು. ಬಹುಮತಕ್ಕೆ ಇಬ್ಬರು ಬೇಕು. ಒಬ್ಬ ಸತ್ತಿರುವಾಗ ಹೊಸಬನನ್ನು ಮೊದಲು ಸೇರಿಸಿದರೆ ಸದಸ್ಯರ ಸಂಖ್ಯೆ ನಾಲ್ಕು, ಬಹುಮತ ಮೂರು. ಹೊಸಬ ಸರಿಯಾಗಿ ಏಳದಿದ್ದರೆ ಉಳಿದ ಇಬ್ಬರಿಂದ ಏನೂ ಆಗುವುದಿಲ್ಲ. ಆದ್ದರಿಂದ ಸತ್ತವನನ್ನು ಮೊದಲು ತೆಗೆಯಿರಿ, ಆಮೇಲೆ ಸೇರಿಸಿ. ಇತ್ತೀಚಿನ ಆವೃತ್ತಿಗಳು ತಿರುಗುಮುರುಗಾದ ಕೋರಿಕೆಯನ್ನು ತಾವೇ ನಿರಾಕರಿಸುತ್ತವೆ, ಆ ತಡೆಯನ್ನು ಬಲವಂತದಿಂದ ಕಳಚಬೇಡಿ. ಹೊಸ ಸದಸ್ಯನ ಡೇಟಾ ಫೋಲ್ಡರ್ ಖಾಲಿ ಇರಲಿ, ಆರಂಭಿಕ ಸ್ಥಿತಿ ಎಕ್ಸಿಸ್ಟಿಂಗ್ ಎಂದಿರಲಿ.

ಲಕ್ಷಣ: ಹೊಸ ಸೈಟಿನ ಕೆಲಸದ ನಡುವೆ ಅಪ್ಲಿಕೇಶನ್ ಕಮಿಟ್‌ಗಳು ತೂಗುಬಿದ್ದವು

ಓದುವ ಕ್ವೆರಿಗಳು ಓಡುತ್ತಿವೆ, ಬರೆಯುವವು ಮಾತ್ರ ಮುಗಿಯುತ್ತಿಲ್ಲ. ಸಿಂಕ್ರೋನಸ್_ಸ್ಟ್ಯಾಂಡ್‌ಬೈ_ನೇಮ್ಸ್ ನೋಡಿ. ಕಮಿಟ್ ಮುಗಿಸುವ ಮುನ್ನ ಪ್ರೈಮರಿ ಯಾರಿಗಾಗಿ ಕಾಯಬೇಕು ಎಂಬ ಪಟ್ಟಿ ಅದು. ಅಲ್ಲಿ ಹಳೆಯ ಹೆಸರಿದ್ದರೆ, ಅಥವಾ ಹೊಸದು ಬೇರೆ ಅಪ್ಲಿಕೇಶನ್_ನೇಮ್ ಹೊತ್ತು ಬಂದಿದ್ದರೆ, ಪ್ರೈಮರಿ ಬಾರದವರಿಗಾಗಿ ಕಾಯುತ್ತಿದೆ. ಅದನ್ನು ಖಾಲಿ ಮಾಡಿ ರೀಲೋಡ್ ಕೊಟ್ಟರೆ ಕೂಡಲೇ ಬಿಡುಗಡೆ. ತೂಗುಬಿದ್ದ ಸೆಷನ್‌ಗಳನ್ನು ಕೊಲ್ಲಬೇಡಿ: ಆ ವ್ಯವಹಾರಗಳು ಬೆಂಗಳೂರಿನಲ್ಲಿ ಆಗಲೇ ಕಮಿಟ್ ಆಗಿವೆ. ಸೋತಿತೆಂದು ತಿಳಿದು ಅಪ್ಲಿಕೇಶನ್ ಮತ್ತೆ ಕಳಿಸಿದರೆ ಎರಡು ಸಲ ದಾಖಲಾಗುತ್ತದೆ.

ದೂರದ ಸೈಟನ್ನು ಸಿಂಕ್ರೋನಸ್ ಮಾಡುವುದೇ ನಿಮ್ಮ ಉದ್ದೇಶವಾದರೆ, ಇದನ್ನು ನೆನಪಿಡಿ: ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಸಾವಿರ ಕಿ.ಮೀ. ದಾರಿಗೆ ಹೋಗಿ ಬರಲು ಕನಿಷ್ಠ 10 ಮಿಲಿಸೆಕೆಂಡು. ಒಂದು ಸೆಷನ್‌ನಿಂದ ಸೆಕೆಂಡಿಗೆ 100ಕ್ಕಿಂತ ಹೆಚ್ಚು ಕಮಿಟ್ ಯಾವ ಯಂತ್ರ ಕೊಂಡರೂ ಆಗದು.

ಲಕ್ಷಣ: ಸ್ಟ್ರೀಮಿಂಗ್ ಎಂದು ತೋರುತ್ತದೆ, ಆದರೆ ಹಿಂದುಳಿಯುತ್ತಲೇ ಇದೆ

ಪ್ರೈಮರಿಯ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನಲ್ಲಿ ಸೆಂಟ್, ರೈಟ್, ಫ್ಲಶ್, ರಿಪ್ಲೇ ಎಂಬ ನಾಲ್ಕು ಎಲ್‌ಎಸ್‌ಎನ್‌ಗಳಿವೆ. ಎಲ್‌ಎಸ್‌ಎನ್ ಎಂದರೆ ವಾಲ್‌ನಲ್ಲಿ ಎಲ್ಲಿಯವರೆಗೆ ಬಂದಿದೆ ಎಂಬ ಗುರುತು. ಅಂತರ ಎಲ್ಲಿದೆಯೋ ದೋಷ ಅಲ್ಲಿದೆ. ಪ್ರೈಮರಿಯ ಈಗಿನ ಜಾಗಕ್ಕೂ ಸೆಂಟ್‌ಗೂ ನಡುವೆ ಅಂತರವಿದ್ದರೆ ಕೊಂಡಿ ಸಾಲುತ್ತಿಲ್ಲ. ಸೆಂಟ್ ಮುಂದಿದ್ದು ಫ್ಲಶ್ ಹಿಂದಿದ್ದರೆ ಕೊಂಡಿಯನ್ನೂ, ಹೊಸ ಸೈಟಿನ ಡಿಸ್ಕ್ ಬರೆಯುವ ವೇಗವನ್ನೂ ನೋಡಿ. ರೇಡ್ ಕಾರ್ಡಿನ ಬ್ಯಾಟರಿ ಇನ್ನೂ ಚಾರ್ಜ್ ಆಗದೆ ರೈಟ್ ಕ್ಯಾಶ್ ಆಫ್ ಆಗಿರುವುದು ಹೊಸ ಯಂತ್ರಗಳಲ್ಲಿ ಅಪರೂಪವಲ್ಲ. ಫ್ಲಶ್ ಸರಿಯಿದ್ದು ರಿಪ್ಲೇ ಮಾತ್ರ ಹಿಂದಿದ್ದರೆ, ಆ ಕಡೆ ಉದ್ದದ ವರದಿ ಕ್ವೆರಿ ಓಡುತ್ತಿದೆಯೇ, ಬೇಕೆಂದೇ ತಡಮಾಡಿಸುವ ರಿಕವರಿ_ಮಿನ್_ಅಪ್ಲೈ_ಡಿಲೇ ಯಾರಾದರೂ ಹಾಕಿಟ್ಟಿದ್ದಾರೆಯೇ ನೋಡಿ.

ಹಿಂದುಳಿದ ಹೊತ್ತನ್ನು ಕೊನೆಯ ವ್ಯವಹಾರದ ಸಮಯದಿಂದ ಅಳೆಯುವ ಡ್ಯಾಶ್‌ಬೋರ್ಡ್ ನಡುರಾತ್ರಿ ಸುಳ್ಳು ಹೇಳುತ್ತದೆ. ಪ್ರೈಮರಿಯಲ್ಲಿ ಬರಹವೇ ಇಲ್ಲದಾಗ ಆ ಅಂಕಿ ಸುಮ್ಮನೆ ಬೆಳೆಯುತ್ತದೆ. ಬೈಟ್‌ಗಳಲ್ಲಿ ಅಳೆಯಿರಿ.

ಲಕ್ಷಣ: ಎಲ್ಲ ಹಸಿರು, ಆದರೆ ಹೊಸ ಸೈಟಿನಲ್ಲಿ ಹುಡುಕಿದ ಹೆಸರು ಸಿಗುವುದಿಲ್ಲ

ಈ ಪಟ್ಟಿಯಲ್ಲಿ ಅತಿ ಮೋಸದ ದೋಷ ಇದು. ಯಾವ ಲಾಗಿನಲ್ಲೂ ಕೂಗುವುದಿಲ್ಲ.

ಫಿಸಿಕಲ್ ರೆಪ್ಲಿಕೇಶನ್ ಇಂಡೆಕ್ಸ್‌ಗಳನ್ನು ಬೈಟ್‌ಗೆ ಬೈಟ್ ನಕಲು ಮಾಡುತ್ತದೆ. ಪಠ್ಯದ ಇಂಡೆಕ್ಸ್ ಕಟ್ಟಿರುವುದು ಪ್ರೈಮರಿಯ ಜಿಲಿಬ್‌ಸಿ (ಲಿನಕ್ಸಿನ ಮೂಲ ಸಿ ಲೈಬ್ರರಿ) ಹೇಳಿದ ಅಕ್ಷರ ಕ್ರಮದಲ್ಲಿ. 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಕ್ರಮವನ್ನು ದೊಡ್ಡ ಮಟ್ಟದಲ್ಲಿ ಬದಲಿಸಿತು. ಬೆಂಗಳೂರು ಇನ್ನೂ ರೆಡ್ ಹ್ಯಾಟ್ 7ರ ಮೇಲೆ, ಎಂದರೆ 2.17ರಲ್ಲಿದ್ದು, ಹೊಸ ಮುಂಬೈಗೆ ರೆಡ್ ಹ್ಯಾಟ್ 8 ಅಥವಾ ಅದಕ್ಕಿಂತ ಹೊಸದು ಹಾಕಿದ್ದರೆ ಎರಡರ ಕ್ರಮ ಬೇರೆ. ಉಬುಂಟು 18.04ರಿಂದ 20.04ಕ್ಕೆ, ಡೆಬಿಯನ್ 9ರಿಂದ 10ಕ್ಕೆ ಹೋದರೂ ಅದೇ ಗಡಿ ದಾಟುತ್ತೀರಿ. ಇಂಡೆಕ್ಸಿನಲ್ಲಿ ಇಲ್ಲಿರಬೇಕು ಎಂದು ಹುಡುಕಿದ ಜಾಗದಲ್ಲಿ ಹೆಸರು ಇರುವುದಿಲ್ಲ. ಪ್ರಮೋಟ್ ಮಾಡಿದ ಮೇಲೆ ಯೂನಿಕ್ ಇರಬೇಕಾದ ಕಾಲಂನಲ್ಲಿ ಒಂದೇ ಹೆಸರು ಎರಡು ಸಲ ಸೇರಿಕೊಳ್ಳಬಹುದು.

ಎರಡೂ ಕಡೆ ಎಲ್‌ಡಿಡಿ ಆದೇಶದಿಂದ ಜಿಲಿಬ್‌ಸಿ ಆವೃತ್ತಿ ನೋಡಿ. 2.28ರ ಗಡಿಯ ಎರಡು ಬದಿಯಲ್ಲಿದ್ದರೆ ಸ್ಟ್ಯಾಂಡ್‌ಬೈಯಲ್ಲೇ ಇಂಡೆಕ್ಸ್ ಪರೀಕ್ಷಿಸುವ ಆಮ್‌ಚೆಕ್ ವಿಸ್ತರಣೆಯ ಬಿಟಿ_ಇಂಡೆಕ್ಸ್_ಚೆಕ್ ಓಡಿಸಿ. ಓದಲಷ್ಟೇ ಬರುವ ಪ್ರತಿಯಲ್ಲೂ ಅದು ಕೆಲಸ ಮಾಡುತ್ತದೆ. ವಿಸ್ತರಣೆಯನ್ನು ಮೊದಲು ಪ್ರೈಮರಿಯಲ್ಲಿ ಸೇರಿಸಿರಬೇಕು. ಸರಿಯಾದ ಪರಿಹಾರ ಎರಡೂ ಸೈಟಿಗೆ ಒಂದೇ ಓಎಸ್ ಆವೃತ್ತಿ. ಅದಾಗದಿದ್ದರೆ ಪ್ರಮೋಟ್ ಆದ ಕೂಡಲೇ, ಅಪ್ಲಿಕೇಶನ್ ಬಿಡುವ ಮುನ್ನ, ಪಠ್ಯದ ಇಂಡೆಕ್ಸ್‌ಗಳನ್ನೆಲ್ಲ ರೀಇಂಡೆಕ್ಸ್ ಮಾಡಬೇಕು. ಅದಕ್ಕೆ ಹಿಡಿಯುವ ಗಂಟೆಗಳನ್ನು ಚೇತರಿಕೆಯ ಸಮಯಕ್ಕೆ ಸೇರಿಸಿ ಹೇಳಿ. ಸಿ ಲೊಕೇಲ್‌ನಲ್ಲಿ (ಅಕ್ಷರಗಳನ್ನು ಬೈಟ್ ಕ್ರಮದಲ್ಲೇ ಜೋಡಿಸುವ ಬಗೆ) ಕಟ್ಟಿದ ಡೇಟಾಬೇಸ್‌ಗಳಿಗೆ ಈ ತೊಂದರೆಯಿಲ್ಲ.

ಕೈ ತೆಗೆದು ನೆರವು ಕರೆಯಬೇಕಾದ ಹೊತ್ತು

ಇದು ಸ್ಟ್ಯಾಂಡ್‌ಬೈಯೇ ಎಂದು ಹೇಳುವ ಪಿಜಿ_ಈಸ್_ಇನ್_ರಿಕವರಿ ಎರಡೂ ಸೈಟಿನಲ್ಲಿ ಫಾಲ್ಸ್ ಎಂದರೆ ಇಬ್ಬರು ಪ್ರೈಮರಿಗಳಿದ್ದಾರೆ. ಅಪ್ಲಿಕೇಶನ್ ಟ್ರಾಫಿಕ್ ಅನ್ನು ಒಂದು ಕಡೆ ಕಡಿಯಿರಿ, ಎರಡೂ ಕಡೆಯ ಡೇಟಾ ಹಾಗೆಯೇ ಉಳಿಸಿ, ಯಾವುದನ್ನೂ ರಿವೈಂಡ್ ಮಾಡಬೇಡಿ. ಚಾಲ್ತಿ ಪ್ರೈಮರಿಯ ಲಾಗಿನಲ್ಲಿ ಪುಟದ ಚೆಕ್‌ಸಮ್ ಹೊಂದುತ್ತಿಲ್ಲ ಎಂಬ ಸಾಲು ಒಂದೇ ಒಂದು ಕಂಡರೂ ಹಳೆಯ ಬ್ಯಾಕಪ್‌ಗಳು ತಾವಾಗಿ ಅಳಿಯುವುದನ್ನು ಮೊದಲು ನಿಲ್ಲಿಸಿ, ಆಮೇಲೆ ಪೋಸ್ಟ್‌ಗ್ರೆಸ್ ಬೆಂಬಲ ಕೊಡುವವರನ್ನೂ ಸ್ಟೋರೇಜ್ ತಯಾರಕರನ್ನೂ ಒಟ್ಟಿಗೆ ಕರೆಯಿರಿ. ಪಿಜಿ_ರೀಸೆಟ್‌ವಾಲ್ (ವಾಲ್ ತೆಗೆದುಹಾಕಿ ಹೊಸದಾಗಿ ಶುರುಮಾಡಿಸುವ ಆದೇಶ) ಓಡಿಸಿದರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ಡಿಸ್ಕ್ ಪ್ರತಿ ತೆಗೆಯದೆ ಒಪ್ಪಬೇಡಿ.

ಡಿಆರ್ ನಿಜಕ್ಕೂ ಮರಳಿತೇ ಎಂದು ನೋಡುವುದು

ಸ್ಟ್ರೀಮಿಂಗ್ ಎಂಬ ಪದ ಕಂಡ ಮಾತ್ರಕ್ಕೆ ಕೆಲಸ ಮುಗಿದಿಲ್ಲ. ಪ್ರೈಮರಿಯಲ್ಲಿ ಪರೀಕ್ಷಾ ಟೇಬಲ್‌ಗೆ ಒಂದು ಸಾಲು ಬರೆದು ಮುಂಬೈಯಲ್ಲಿ ಓದಿ. ಬಳಿಕ ಸ್ಟ್ಯಾಂಡ್‌ಬೈಯನ್ನೇ ಪ್ರಮೋಟ್ ಮಾಡದೆ, ಅದರ ಸ್ಟೋರೇಜ್ ಸ್ನ್ಯಾಪ್‌ಶಾಟ್‌ನಿಂದ ಒಂದು ತದ್ರೂಪು ಎಬ್ಬಿಸಿ. ಅದಕ್ಕೆ ಹೊರಗಿನ ನೆಟ್‌ವರ್ಕ್ ಇರಬಾರದು, ಆರ್ಕೈವ್_ಮೋಡ್ ಆಫ್ ಇರಬೇಕು. ಅದನ್ನು ಪ್ರಮೋಟ್ ಮಾಡಿ, ಅದರ ಮೇಲೆ ಅಪ್ಲಿಕೇಶನ್ ಓಡಿಸಿ ನೋಡಿ. ಅನ್‌ಲಾಗ್ಡ್ ಟೇಬಲ್‌ಗಳು (ವಾಲ್‌ಗೆ ಬರೆಯದವು) ಖಾಲಿ ಇರುತ್ತವೆ, ಕ್ರಮಸಂಖ್ಯೆ ಕೊಡುವ ಸೀಕ್ವೆನ್ಸ್‌ಗಳು 32ರವರೆಗೆ ಜಿಗಿದಿರಬಹುದು, ಎರಡೂ ದೋಷವಲ್ಲ. ಡೇಟಾಬೇಸ್ ಏಳುತ್ತದೆ, ಆದರೆ ಗೂಢಲಿಪಿ ಕೀ ಹಳೆಯ ಸೈಟಿನ ಯಂತ್ರದಲ್ಲೇ ಇತ್ತು, ಲೈಸೆನ್ಸ್ ಹಳೆಯ ಮ್ಯಾಕ್ ವಿಳಾಸಕ್ಕೆ ಅಂಟಿತ್ತು, ಕ್ರಾನ್ ಪಟ್ಟಿ (ನಿಗದಿತ ವೇಳೆಗೆ ಓಡುವ ಕೆಲಸಗಳು) ಯಾರೂ ತಂದಿರಲಿಲ್ಲ ಎಂಬುದು ಹೊರಬರುವುದು ಈ ಪರೀಕ್ಷೆಯಲ್ಲೇ.

ಮುಂಬೈಗೆ ಪ್ರೈಮರಿ ಪಟ್ಟ ಮರಳಿಸುವುದು ಬೇರೆಯದೇ ಕೆಲಸ, ಇದೇ ವಾರ ಮಾಡಬೇಕೆಂದಿಲ್ಲ. ಹೊಸ ಯಂತ್ರ ಒಂದು ತಿಂಗಳ ಕೊನೆಯ ಹೊರೆಯನ್ನು ಸ್ಟ್ಯಾಂಡ್‌ಬೈಯಾಗಿ ಹೊತ್ತು ನೋಡಲಿ. ಮರಳಿಸುವ ದಿನ ಅಪ್ಲಿಕೇಶನ್ ನಿಲ್ಲಿಸಿ, ಬೆಂಗಳೂರಿನ ಪೋಸ್ಟ್‌ಗ್ರೆಸ್ಸನ್ನು ಫಾಸ್ಟ್ ಬಗೆಯಲ್ಲಿ ಶುಚಿಯಾಗಿ ಆರಿಸಿ, ಪಿಜಿ_ಕಂಟ್ರೋಲ್‌ಡೇಟಾ ತೋರಿಸುವ ಕೊನೆಯ ಚೆಕ್‌ಪಾಯಿಂಟ್ ದಾಖಲೆ ಮುಂಬೈಗೆ ಬಂದು ರಿಪ್ಲೇ ಆಗಿದೆಯೇ ಹೋಲಿಸಿ, ಆಮೇಲಷ್ಟೇ ಪ್ರಮೋಟ್ ಮಾಡಿ. ಬೆಂಗಳೂರಿನಲ್ಲಿ ಸ್ಟ್ಯಾಂಡ್‌ಬೈ ಸಿಗ್ನಲ್ ಕಡತ ಇಟ್ಟು ಎಬ್ಬಿಸಿ. ಡಿಎನ್‌ಎಸ್ ಟಿಟಿಎಲ್ (ಹಳೆಯ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ) ಅನ್ನು ಹಿಂದಿನ ದಿನವೇ 60 ಸೆಕೆಂಡಿಗೆ ಇಳಿಸಿರಿ.